ನಾನು ನೋಡಿಕೊಂಡ ಬ್ಯಾಟರಿ

ಅರಸೀಕೆರೆಯಲ್ಲಿ ಎರಡು ವರ್ಷ ಐಟಿಐ ಓದಿ ಎಲೆಕ್ಟ್ರಿಷಿಯನ್ ಸರ್ಟಿಫಿಕೇಟು ತಂದವನು ನಮ್ಮೂರಿಗೆ ನಾನೊಬ್ಬನೇ. ಅದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದೇನೆ. ಹಾಗೆ ತೂಗುಹಾಕಲು ಗೋಡೆಗೆ ಮೊಳೆ ಹೊಡೆದದ್ದೇ ಆ ವಿದ್ಯೆಗಾಗಿ ನಾನು ಕೈಯಾರೆ ಮಾಡಿದ ದೊಡ್ಡ ಕೆಲಸ. ಆಮೇಲೆ ತೆಂಗು, ಎರಡು ಹಸು, ಒಂದಿಷ್ಟು ಗದ್ದೆ, ಮದುವೆ ಎಂದು ವರ್ಷಗಳು ಕಳೆದವು. ಮಾದಿಹಳ್ಳಿಗೂ ಹಳೇಬೀಡಿಗೂ ನಡುವೆ ಇರುವ ನಮ್ಮೂರಿನ ಹಾಲಿನ ಡೈರಿಗೆ ಸೆಕ್ರೆಟರಿಯಾದೆ. ಆದರೂ ಊರಿನವರ ಪಾಲಿಗೆ ನಾನು ಕರೆಂಟು ಓದಿದವನೇ. ಯಾರ ಮನೆಯ ಫ್ಯಾನು ನಿಂತರೂ ನನಗೆ ಕರೆ ಬರುತ್ತಿತ್ತು. ನಾನು ಹೋಗಿ, ಕತ್ತೆತ್ತಿ ಅದನ್ನು ನೋಡಿ, "ಕೆಪಾಸಿಟರ್ ಹೋಗಿರ್ಬೇಕು, ಹಳೇಬೀಡಿಂದ ಯಾರನ್ನಾದ್ರೂ ಕರೆಸಿ" ಎಂದು ಹೇಳಿ ಬರುತ್ತಿದ್ದೆ. ಫ್ಯಾನು ಯಾವ ಕಾರಣಕ್ಕೆ ನಿಂತರೂ ನನ್ನ ಬಾಯಲ್ಲಿ ಬರುತ್ತಿದ್ದದ್ದು ಕೆಪಾಸಿಟರೇ. ಅದು ಬಹಳ ಸಲ ನಿಜವಾಗಿಬಿಡುತ್ತಿತ್ತು; ನನ್ನ ಹೆಸರು ಕೆಡದೆ ಉಳಿಯಿತು.

ಡೈರಿಯಲ್ಲಿ ಮೊದಲು ಹಾಲನ್ನು ಕೈಯಲ್ಲೇ ಅಳೆದು, ಕೈಯಲ್ಲೇ ಪರೀಕ್ಷೆ ಮಾಡುತ್ತಿದ್ದೆವು. ಕೆಲವು ವರ್ಷಗಳ ಹಿಂದೆ ಮಿಷನ್ ಬಂತು. ಹಾಲನ್ನು ಒಂದು ಸಣ್ಣ ಲೋಟದಲ್ಲಿ ಇಟ್ಟರೆ ಫ್ಯಾಟು, ಗಟ್ಟಿತನದ ಡಿಗ್ರಿ ಎಲ್ಲವನ್ನೂ ಅದೇ ತೋರಿಸುತ್ತದೆ. ತಕ್ಕಡಿಯೂ ಕರೆಂಟಿನದೇ, ಚೀಟಿಯೂ ಅದರಿಂದಲೇ ಬರುತ್ತದೆ. ಹಾಲು ಹಾಕುವ ಹೊತ್ತಿಗೇ ನಮ್ಮ ಕಡೆ ಕರೆಂಟು ಹೋಗುವುದರಿಂದ ಒಂದು ಇನ್ವರ್ಟರನ್ನೂ ಅದಕ್ಕೊಂದು ದೊಡ್ಡ ಬ್ಯಾಟರಿಯನ್ನೂ ತರಿಸಿದರು. ಬೇಲೂರಿನಿಂದ ಬಂದ ಮೆಕ್ಯಾನಿಕ್ಕು ಎಲ್ಲವನ್ನೂ ಕೂರಿಸಿ, "ಇದನ್ನ ನೋಡ್ಕೊಳೋರು ಯಾರು?" ಎಂದು ಕೇಳಿದ. ಡೈರಿಯ ಡೈರೆಕ್ಟರುಗಳೆಲ್ಲ ಒಂದೇ ಸಲಕ್ಕೆ ನನ್ನ ಕಡೆ ತಿರುಗಿದರು.

"ಇವ್ರು ಐಟಿಐ ಕಣಪ್ಪ. ಇವ್ರಿಗೆ ನೀನೇನೂ ಹೇಳ್ಬೇಕಾಗಿಲ್ಲ" ಎಂದರು ಅಧ್ಯಕ್ಷರು.

ಪಾಪ, ಆತ ಆದರೂ ಹೇಳಿದ. ತಿಂಗಳಿಗೊಮ್ಮೆ ನೀರು ನೋಡಬೇಕು. ಆರು ಮುಚ್ಚಳಗಳಲ್ಲೂ ಒಂದೊಂದು ಕಡ್ಡಿ ಇರುತ್ತದೆ, ಅದು ಕೆಂಪು ಗೆರೆಗೆ ಇಳಿಯುವ ಮೊದಲೇ ಡಿಸ್ಟಿಲ್ಡ್ ವಾಟರ್ ಹಾಕಬೇಕು, ಬೇರೆ ಯಾವ ನೀರನ್ನೂ ಹಾಕಬಾರದು. ಗಾಳಿ ಆಡುವ ಕಡೆ ಇಡಬೇಕು. ಮೇಲೆ ಏನೂ ಇಡಬಾರದು. ಹತ್ತಿರ ಬೀಡಿ, ಬೆಂಕಿ ಸಲ್ಲದು. ಮುಟ್ಟುವ ಮೊದಲು ಸ್ವಿಚ್ ಆರಿಸಬೇಕು. ಅವನು ಒಂದೊಂದು ಮಾತು ಹೇಳಿದಾಗಲೂ ನಾನು ಗೊತ್ತಿರುವ ಪಾಠವನ್ನೇ ಕೇಳುತ್ತಿರುವವನ ಹಾಗೆ ತಲೆ ಆಡಿಸಿದೆ. ತಲೆ ಆಡಿಸುವುದರಲ್ಲೇ ಗಮನ ಇದ್ದದ್ದರಿಂದ ಅವನು ಹೇಳಿದ್ದು ತಲೆಗೆ ಇಳಿಯಲಿಲ್ಲ. ಕೊನೆಗೆ ಅವನು ಒಂದು ರಟ್ಟಿನ ಕಾರ್ಡು ಕೊಟ್ಟ. ನೀರು ನೋಡಿದ ದಿನ ಬರೆದು ಸಹಿ ಹಾಕಲು ಅದರಲ್ಲಿ ಮನೆಗಳಿದ್ದವು. ಬರೆಯುವ ಕೆಲಸ ಎಂದರೆ ನನಗೆ ಇಷ್ಟ. ಅದನ್ನು ಗೋಡೆಗೆ ನೇತುಹಾಕಿದೆ.

ನಮ್ಮ ಡೈರಿ ಎಂದರೆ ಮುಂದೆ ಒಂದು ಕೋಣೆ, ಹಿಂದೆ ಹಸುಗಳ ಫೀಡ್ಸು ಮೂಟೆಗಳನ್ನು ಇಡುವ ಒಂದು ಸಣ್ಣ ಕೋಣೆ. ಬ್ಯಾಟರಿಯನ್ನು ಹಿಂದಿನ ಕೋಣೆಯ ಬಾಗಿಲ ಪಕ್ಕ ಇಟ್ಟಿದ್ದರು. ಆರಂಭದಲ್ಲಿ ಅದರ ಸುತ್ತ ಜಾಗವಿತ್ತು. ಆಮೇಲೆ ಅದರ ಮೇಲೆ ಹಳೆಯ ಚೀಟಿಗಳ ಕಟ್ಟು ಬಂದು ಕೂತಿತು, ಆಮೇಲೆ ಒರೆಸುವ ಬಟ್ಟೆ, ಆಮೇಲೆ ನನ್ನ ಊಟದ ಡಬ್ಬಿ. ಸಮತಟ್ಟಾದ, ಸ್ವಲ್ಪ ಬೆಚ್ಚಗಿನ ಜಾಗ; ಡಬ್ಬಿಯ ಅನ್ನ ಬಿಸಿಯಾಗಿಯೇ ಇರುತ್ತಿತ್ತು. ಇದು ನಾನು ಕಂಡುಹಿಡಿದ ಉಪಾಯ ಎಂದು ಮನೆಯಲ್ಲಿ ಹೇಳಿಕೊಂಡದ್ದೂ ಉಂಟು.

ನನ್ನ ಜೊತೆ ಕೆಲಸ ಮಾಡುವವಳು ನಮ್ಮೂರಿನ ಸೊಸೆ, ಹಾಲು ಪರೀಕ್ಷೆ ಮಾಡುವವಳು. ಎಲ್ಲರೂ ಅವಳನ್ನು ಟೆಸ್ಟರ್ ಎಂದೇ ಕರೆಯುತ್ತಾರೆ. ಓದಿದ್ದು ಪಿಯುಸಿ, ಮಾತು ಕಡಿಮೆ. ಒಂದೆರಡು ಸಲ ಅವಳು, "ಸಾರ್, ಅದಕ್ಕೆ ನೀರು ನೋಡ್ಬೇಕಿತ್ತಲ್ವಾ?" ಎಂದು ಕೇಳಿದ್ದಳು. "ನೋಡಿದೀನಮ್ಮ, ಕಾರ್ಡಲ್ಲಿ ಬರ್ದಿಲ್ವಾ?" ಎಂದಿದ್ದೆ. ಬರೆದದ್ದು ನಿಜ.

ಆ ವರ್ಷದ ಬೇಸಿಗೆಯಲ್ಲಿ ಕರೆಂಟು ವಿಪರೀತ ಹೋಗತೊಡಗಿತು. ಬ್ಯಾಟರಿ ಪೂರ್ತಿ ಖಾಲಿಯಾಗುವುದು, ಮತ್ತೆ ಪೂರ್ತಿ ಚಾರ್ಜಾಗುವುದು, ಇದೇ ಆಯಿತು. ಇನ್ವರ್ಟರು ಕುಯ್ ಕುಯ್ ಎಂದು ಕೂಗಲು ಶುರುಮಾಡಿತು. ನಾನು ಅದರ ಬೆನ್ನ ಹಿಂದೆ ಹುಡುಕಿ ಕೂಗು ನಿಲ್ಲಿಸುವ ಗುಂಡಿಯನ್ನು ಕಂಡುಹಿಡಿದು ಒತ್ತಿದೆ. ಸದ್ದು ನಿಂತಿತು. ಸಾಲಿನಲ್ಲಿ ನಿಂತಿದ್ದವರು, "ಓದಿದ್ರೆ ಹಿಂಗ್ ಓದ್ಬೇಕು ನೋಡು" ಎಂದರು. ನನಗೂ ಹಾಗೇ ಅನ್ನಿಸಿತು.

ಅದಾದ ಒಂದು ವಾರಕ್ಕೆ ಡೈರಿಯಲ್ಲಿ ವಾಸನೆ ಬರಲು ಶುರುವಾಯಿತು. ಕೊಳೆತ ಮೊಟ್ಟೆಯ ವಾಸನೆ. ಮೊದಲ ದಿನ ಇಲಿ ಸತ್ತಿದೆ ಎಂದೆ. ಫೀಡ್ಸು ಮೂಟೆಗಳನ್ನೆಲ್ಲ ಎಳೆದಾಡಿ ಹುಡುಕಿದೆ. ಇಲಿ ಸಿಗಲಿಲ್ಲ. ಮೂಟೆಗಳನ್ನು ಮತ್ತೆ ಜೋಡಿಸುವಾಗ ಒತ್ತಾಗಿ ಇಟ್ಟೆ. ಬ್ಯಾಟರಿಯ ಮೂರು ಕಡೆಯೂ ಮೂಟೆ ಬಂದು, ಗಾಳಿಗೆ ಇದ್ದ ದಾರಿಯೂ ಮುಚ್ಚಿಹೋಯಿತು. ಎರಡನೆಯ ದಿನ ಚರಂಡಿ ಎಂದೆ, ಬ್ಲೀಚಿಂಗ್ ಪೌಡರ್ ಹಾಕಿಸಿದೆ. ಮೂರನೆಯ ದಿನ ಬೆಳಿಗ್ಗೆ ವಾಸನೆ ಹೆಚ್ಚಾಗಿತ್ತು. ನನ್ನ ಮಾತಿಗೆ ಬೆಲೆ ಹೋಗುತ್ತಿದೆ ಎಂದು ಒಳಗೊಳಗೇ ಕಸಿವಿಸಿ. ಏನಾದರೊಂದನ್ನು ಹಿಡಿಯಲೇಬೇಕಿತ್ತು.

ಆಗ ಸಾಲಿನಲ್ಲಿ ಮುಂದೆ ಬಂದವಳು ದೊಡ್ಡವ್ವ. ನನ್ನ ತಾಯಿಯ ವಾರಗೆಯವಳು, ಊರಿನ ಅರ್ಧ ಜನ ಅವಳನ್ನು ದೊಡ್ಡವ್ವ ಎಂದೇ ಕರೆಯುವುದು. ಇರುವುದು ಒಂದೇ ಹಸು. ಹಾಲಿನ ಪಾತ್ರೆಯನ್ನು ಹುಣಸೆಹಣ್ಣು, ಬೂದಿ ಹಾಕಿ ಹೊಳೆಯುವ ಹಾಗೆ ಉಜ್ಜಿ ತರುವವಳು ಊರಿಗೆಲ್ಲ ಅವಳೊಬ್ಬಳೇ. ಆ ಪಾತ್ರೆಯ ಮುಚ್ಚಳ ತೆಗೆದು ನಾನು ಮೂಗು ಹತ್ತಿರ ಒಯ್ದೆ. ವಾಸನೆ ಬಂತು. ಬರದೆ ಏನು, ಇಡೀ ಕೋಣೆಯೇ ನಾರುತ್ತಿತ್ತು.

"ದೊಡ್ಡವ್ವ, ಹಾಲು ವಾಸ್ನೆ ಬತ್ತೈತೆ. ತಗಳಕ್ಕಾಗಲ್ಲ."

"ಏನಂದೆ?"

"ಪಾತ್ರೆ ಸರಿಯಾಗಿ ತೊಳ್ಕಬೇಕು. ಮೂರ್ ದಿನದಿಂದ ನೋಡ್ತಾ ಇದೀನಿ."

ಟೆಸ್ಟರ್ ಮೆಲ್ಲಗೆ, "ಸಾರ್, ಫ್ಯಾಟು, ಡಿಗ್ರಿ ಎಲ್ಲಾ ಸರಿಯಾಗೈತೆ. ಮಿಷನ್ ತೋರಿಸ್ತೈತೆ ನೋಡಿ" ಎಂದಳು.

"ಮಿಷನ್‌ಗೆ ಮೂಗೈತೇನಮ್ಮ?" ಎಂದೆ. ಸಾಲಿನಲ್ಲಿ ನಗು ಎದ್ದಿತು. ಆ ನಗುವಿನಿಂದ ನನಗೆ ಎಷ್ಟು ಸಂತೋಷವಾಯಿತೆಂದರೆ, ಇವತ್ತು ಅದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತದೆ.

ದೊಡ್ಡವ್ವ ಬಾಯಿ ಜೋರಿನವಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಮುಚ್ಚಳ ಕಿತ್ತುಕೊಂಡು ಪಾತ್ರೆಯ ಮೇಲೆ ಒತ್ತಿ, ಸೆರಗಿನಿಂದ ಅದರ ಕಂಠವನ್ನು ಒರೆಸಿ, ಹೊರಟುಹೋದಳು. ಆ ಸಂಜೆಯಿಂದ ಪಕ್ಕದೂರಿನ ಡೈರಿಗೆ ನಡೆದುಕೊಂಡು ಹೋಗಿ ಹಾಲು ಹಾಕುತ್ತಿದ್ದಾಳೆ ಎಂದು ತಿಳಿಯಿತು. ಎರಡು ಹೊತ್ತೂ, ಆ ಬಿಸಿಲಿನಲ್ಲಿ, ಕೆರೆ ಏರಿಯ ಮೇಲಿನ ದಾರಿಯಲ್ಲಿ.

ಮಾರನೆಯ ಬೆಳಿಗ್ಗೆ ವಾಸನೆ ಹಾಗೇ ಇತ್ತು.

"ಸಾರ್," ಎಂದಳು ಟೆಸ್ಟರ್, "ದೊಡ್ಡವ್ವ ಬರ್ಲಿಲ್ಲ. ವಾಸ್ನೆ ಬಂದೈತೆ."

"ನಿನ್ನೇದು ಉಳ್ಕೊಂಡಿರುತ್ತೆ" ಎಂದೆ.

ಅವಳು ಹಿಂದಿನ ಕೋಣೆಗೆ ಹೋಗಿ, ಒಂದೊಂದೇ ಮೂಟೆಯನ್ನು ಎಳೆದಳು. ಬ್ಯಾಟರಿಯ ಮೇಲಿದ್ದ ಚೀಟಿಯ ಕಟ್ಟು, ಬಟ್ಟೆ, ನನ್ನ ಡಬ್ಬಿ ಎಲ್ಲವನ್ನೂ ತೆಗೆದು ಕೆಳಗಿಟ್ಟಳು. ಆಮೇಲೆ ನನ್ನನ್ನು ಕರೆದಳು. ಬ್ಯಾಟರಿಯ ಪಕ್ಕಗಳು ಉಬ್ಬಿದ್ದವು. ಕೈ ಹತ್ತಿರ ಒಯ್ದರೆ ಸ್ನಾನದ ಹಂಡೆಯ ಶಾಖ. ವೈರು ಕೂರುವ ಟರ್ಮಿನಲ್ ಮೇಲೆ ನೀಲಿ-ಬಿಳಿ ಪುಡಿ ಹೂವಿನ ಹಾಗೆ ಅರಳಿಕೊಂಡಿತ್ತು. ಆರು ಕಡ್ಡಿಗಳೂ ಕೆಂಪು ಗೆರೆಯನ್ನು ದಾಟಿ ಕೆಳಗೆಲ್ಲೋ ಮುಳುಗಿದ್ದವು. ವಾಸನೆ ಅಲ್ಲಿಂದಲೇ ಬರುತ್ತಿತ್ತು.

ಆ ಹೊತ್ತಿನಲ್ಲಿ ಮಾಡಬೇಕಾಗಿದ್ದದ್ದು ಬಹಳ ಸುಲಭ: ಸ್ವಿಚ್ ಆರಿಸಿ, ಕಿಟಕಿ ತೆರೆದು, ಎಲ್ಲರನ್ನೂ ಹೊರಗೆ ಕಳಿಸಿ, ಬೇಲೂರಿಗೆ ಫೋನ್ ಮಾಡುವುದು. ಟೆಸ್ಟರ್ ಅದನ್ನೇ ಹೇಳಿದಳು ಕೂಡ. ಆದರೆ ಅಷ್ಟರಲ್ಲಿ ಏಳೆಂಟು ಜನ ಬಾಗಿಲಲ್ಲಿ ಇಣುಕುತ್ತಿದ್ದರು. ಜನ ನೋಡುತ್ತಿರುವಾಗ ಫೋನ್ ಮಾಡಿ ಇನ್ನೊಬ್ಬರನ್ನು ಕರೆಸುವುದು ಸರ್ಟಿಫಿಕೇಟಿಗೆ ಮಾಡುವ ಅವಮಾನ ಎನ್ನಿಸಿತು.

"ಏನಿಲ್ಲ, ನೀರು ಇಂಗೈತೆ ಅಷ್ಟೆ. ಇದೆಲ್ಲಾ ಮಾಮೂಲಿ" ಎಂದೆ.

ಡಿಸ್ಟಿಲ್ಡ್ ವಾಟರ್ ಡೈರಿಯಲ್ಲಿ ಇರಲಿಲ್ಲ. ಯಾವತ್ತೂ ತಂದಿದ್ದರೆ ತಾನೆ? ಪಂಚಾಯ್ತಿಯವರ ನೀರಿನ ಘಟಕ ಡೈರಿಯ ಎದುರಿಗೇ ಇದೆ. ಅದರ ಮೇಲೆ ದಪ್ಪಕ್ಷರದಲ್ಲಿ ಶುದ್ಧ ಕುಡಿಯುವ ನೀರು ಎಂದು ಬರೆದಿದ್ದಾರೆ. ಶುದ್ಧ ಎಂದಮೇಲೆ ಮುಗಿಯಿತಲ್ಲ. ಒಂದು ಕ್ಯಾನು ತರಿಸಿದೆ. ಬಿಸಿ ಆರುವವರೆಗೂ ಕಾಯಲಿಲ್ಲ. ಮುಚ್ಚಳಗಳನ್ನು ತೆಗೆದು, ನಮ್ಮ ಹಾಲು ಸೋಸುವ ಆಲಿಕೆಯಿಂದ ಒಂದೊಂದು ಕಂಡಿಗೂ ಕಂಠದ ತನಕ ನೀರು ಹುಯ್ದೆ. ಕಡಿಮೆ ಆಗಿ ಕೆಟ್ಟದ್ದನ್ನು ಹೆಚ್ಚು ಹಾಕಿ ಸರಿಮಾಡಬಹುದೆಂದು ನನ್ನ ಎಣಿಕೆ. ಮೇಲೆ ಚೆಲ್ಲಿದ್ದನ್ನು ಹೆಗಲ ಮೇಲಿನ ಟವೆಲಿನಿಂದ ಒರೆಸಿ, ಅದೇ ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು, ಚಾರ್ಜಿಗೆ ಬಿಟ್ಟು ಮನೆಗೆ ಹೋದೆ.

ಮನೆ ತಲುಪುವಷ್ಟರಲ್ಲಿ ಹೆಗಲು ಉರಿಯಲು ಶುರುವಾಗಿತ್ತು. ಶರ್ಟು ಬಿಚ್ಚಿ ಒಗೆಯಲು ಹಾಕಿದೆ. ಮಧ್ಯಾಹ್ನ ಹೆಂಡತಿ ಅದನ್ನು ಕಲ್ಲಿನ ಮೇಲಿಂದ ಎತ್ತಿ ಹಿಡಿದಾಗ ಅದರ ಬೆನ್ನಿನ ಭಾಗ ದೋಸೆಯ ಹಾಗೆ ತೂತುತೂತಾಗಿತ್ತು. "ಇದೇನ್ರೀ, ಯಾರಾದ್ರೂ ಕಡ್ಲೆಕಾಯಿ ಹುರಿದ್ರಾ ನಿಮ್ ಬೆನ್ ಮೇಲೆ?" ಎಂದಳು. ಶರ್ಟಿನ ಬಟ್ಟೆ ಸರಿಯಿಲ್ಲ, ಅಂಗಡಿಯವನಿಗೆ ಹೇಳಬೇಕು ಎಂದೆ.

ಸಂಜೆಯ ಹಾಲಿನ ಹೊತ್ತಿಗೆ ಕರೆಂಟು ಇತ್ತು, ಹಿಂದಿನ ಕೋಣೆಯ ಕಡೆ ನಾನು ಹೋಗಲಿಲ್ಲ. ಮರುದಿನ ಬೆಳಿಗ್ಗೆ ಡೈರಿಯ ಬಾಗಿಲು ತೆಗೆದಾಗ ಬ್ಯಾಟರಿ ಉಕ್ಕಿತ್ತು. ತುಂಬಿ ತುಳುಕಿದ ಆಸಿಡ್ಡು ನೆಲದ ಮೇಲೆ ಬುರುಗುಬುರುಗಾಗಿ ಹರಿದು, ಎರಡು ಮೂಟೆಗಳ ತಳ ತಿಂದು, ಸಿಮೆಂಟನ್ನು ಬೆಳ್ಳಗೆ ಮಾಡಿತ್ತು. ಚೀಟಿಯ ಕಟ್ಟು ಮುಟ್ಟಿದರೆ ಉದುರುತ್ತಿತ್ತು. ಟೆಸ್ಟರ್, "ಸಾರ್, ದಯವಿಟ್ಟು ಮುಟ್ಬೇಡಿ, ಬೇಲೂರಿಗೆ ಫೋನ್ ಮಾಡಾಣ" ಎಂದಳು. ಸಾಲಿನಲ್ಲಿ ಆಗಲೇ ಹತ್ತು ಹನ್ನೆರಡು ಜನ. ಅಷ್ಟರಲ್ಲಿ ಕರೆಂಟು ಒಂದು ಸಲ ಹೋಗಿ ಬಂತು, ಬ್ಯಾಟರಿ ತಡೆಯದೆ ಮಿಷನ್ ಬಂದ್ ಆಯಿತು. ಟರ್ಮಿನಲ್ಲಿನ ಮೇಲೆ ಕಟ್ಟಿದ ಪುಡಿಯಿಂದ ವೈರು ಸರಿಯಾಗಿ ಕೂತಿಲ್ಲ, ಬಿಚ್ಚಿ ಉಜ್ಜಿ ಬಿಗಿ ಮಾಡಿದರಾಯಿತು ಎಂದು ನಾನು ತೀರ್ಮಾನಿಸಿದೆ. ಸ್ಪ್ಯಾನರು ಹಿಡಿದು ಬಗ್ಗಿದೆ.

ಚಾರ್ಜು ನಡೆಯುತ್ತಲೇ ಇತ್ತು. ಸ್ವಿಚ್ ಆರಿಸಲಿಲ್ಲ. ಕೋಣೆಯ ಕಿಟಕಿ ತೆಗೆದಿರಲಿಲ್ಲ. ಕೈಯಲ್ಲಿ ಉಂಗುರ, ಮಣಿಕಟ್ಟಿನಲ್ಲಿ ಸ್ಟೀಲಿನ ವಾಚು. ಕಣ್ಣಿಗೆ ಏನೂ ಇಲ್ಲ. ಬೇಲೂರಿನ ಮೆಕ್ಯಾನಿಕ್ಕು ಮಾಡಬೇಡಿ ಎಂದು ಹೇಳಿದ್ದರಲ್ಲಿ ನಾನು ಅವತ್ತು ಬಿಟ್ಟದ್ದು ಬೀಡಿ ಒಂದನ್ನೇ. ಅದೂ ಸೇದುವ ಅಭ್ಯಾಸ ಇಲ್ಲದ್ದರಿಂದ.

ನಟ್ಟು ಸಡಿಲವಾಗಿ ವೈರು ಕಿತ್ತು ಬಂದ ಕ್ಷಣ ನೀಲಿ ಕಿಡಿಯೊಂದು ಹಾರಿತು. ಢಂ ಎಂದಿತು. ಪಟಾಕಿಯ ಸದ್ದಲ್ಲ, ಅದಕ್ಕಿಂತ ಮೊಂಡಾದ, ಹೊಟ್ಟೆಗೆ ತಾಗುವ ಸದ್ದು. ಒಂದು ಮುಚ್ಚಳ ಹಾರಿ ಛಾವಣಿಗೆ ಬಡಿಯಿತು. ಮುಖದ ಮೇಲೆ ಯಾರೋ ಬಿಸಿ ಸಾರು ಎರಚಿದ ಹಾಗಾಯಿತು. ಎಡಗಣ್ಣಿನಲ್ಲಿ ಬೆಂಕಿ.

ಆಮೇಲಿನದನ್ನು ನಾನು ಕಂಡದ್ದಕ್ಕಿಂತ ಕೇಳಿದ್ದೇ ಹೆಚ್ಚು. ಟೆಸ್ಟರ್ ಮುಂದಿನ ಕೋಣೆಯ ಮೇನ್ ಸ್ವಿಚ್ ಆರಿಸಿ, ಎಲ್ಲರನ್ನೂ ಹೊರಗೆ ತಳ್ಳಿದಳಂತೆ. ನಾನು ಎರಡು ಕೈಯಲ್ಲೂ ಕಣ್ಣು ಮುಚ್ಚಿಕೊಂಡು ಕುಣಿಯುತ್ತಿದ್ದೆ. ಯಾರೋ ಹಾಲು ಬಿಡಿ ಎಂದರು, ಯಾರೋ ಬೆಣ್ಣೆ ಎಂದರು. ನಾನು ಆ ನೋವಿನಲ್ಲೂ ವಿದ್ಯೆ ಬಿಡಲಿಲ್ಲ, "ಸೋಡಾ ತನ್ನಿ, ಆಸಿಡ್‌ಗೆ ಸೋಡಾ ಹಾಕ್ಬೇಕು!" ಎಂದು ಕೂಗಿದೆನಂತೆ. ಕಣ್ಣಿಗೆ!

ಆಗ ಒಂದು ಕೈ ನನ್ನ ಕತ್ತಿನ ಹಿಂಬದಿಯನ್ನು ಹಿಡಿದು ಎಳೆದುಕೊಂಡು ಹೋಯಿತು. ಕ್ಯಾನು ತೊಳೆಯುವ ನಲ್ಲಿಯ ಕೆಳಗೆ ನನ್ನ ತಲೆಯನ್ನು ಒತ್ತಿತು.

"ಕಣ್ ಬುಡ್ಲಾ."

ದೊಡ್ಡವ್ವನ ದನಿ. ಪಕ್ಕದೂರಿನ ಡೈರಿಗೆ ಸೇರಿಕೊಳ್ಳಲು ನಮ್ಮಲ್ಲಿದ್ದ ತನ್ನ ಪಾಸ್‌ಬುಕ್ಕು ವಾಪಸ್ಸು ಕೇಳಲು ಅವತ್ತು ಬಂದಿದ್ದಳು.

"ಆಗಲ್ಲ ದೊಡ್ಡವ್ವ, ಉರೀತೈತೆ. ಸೋಡಾ..."

"ಬಾಯ್ ಮುಚ್ಕಂಡು ಕಣ್ ಬುಡು!"

ನಾನು ಬಿಡದೆ ಇದ್ದಾಗ ಅವಳೇ ಎರಡು ಬೆರಳಿನಿಂದ ರೆಪ್ಪೆ ಅಗಲಿಸಿ ಹಿಡಿದು ನೀರು ಬಿಟ್ಟಳು. ಸಾಕು ಎಂದೆ. ಸಾಲದು ಎಂದಳು. ಟೆಸ್ಟರ್ ಗಡಿಯಾರ ನೋಡಿ ಹೇಳುತ್ತಿದ್ದಳು, ಐದು ನಿಮಿಷ, ಹತ್ತು ನಿಮಿಷ. ಇಪ್ಪತ್ತು ನಿಮಿಷ ದೊಡ್ಡವ್ವ ನನ್ನ ಕತ್ತನ್ನು ಬಿಡಲಿಲ್ಲ. ಕರುವಿಗೆ ಔಷಧಿ ಕುಡಿಸುವಾಗ ಹಿಡಿಯುವ ಹಿಡಿತ ಅದು. ನಡುವೆ ಶರ್ಟನ್ನೂ ಬಿಚ್ಚಿಸಿ ಎದೆ, ಕೈ ಎಲ್ಲ ತೊಳೆಸಿದಳು. ಇಡೀ ಊರಿನ ಎದುರು, ಬನಿಯನ್ನಿನಲ್ಲಿ, ಹಾಲಿನ ಡೈರಿಯ ಸೆಕ್ರೆಟರಿ.

ಯಾರೋ, "ಇಷ್ಟೊತ್ತು ಯಾಕವ್ವ, ಆಸ್ಪತ್ರೆಗೆ ಕರ್ಕಂಡ್ ಹೋಗಾಣ" ಎಂದರು.

"ನಮ್ ತಮ್ಮಂಗೂ ಹಿಂಗೇ ಆಗಿತ್ತು, ಟ್ಯಾಕ್ಟರ್ ಬ್ಯಾಟ್ರಿಯಿಂದ" ಎಂದಳು ದೊಡ್ಡವ್ವ. "ತೊಳೀದೆ, ಬಟ್ಟೆ ಕಟ್ಕಂಡು ಓಡ್ಸಿದ್ರು ಆಸ್ಪತ್ರೆಗೆ. ಹೋಗಾ ಹೊತ್ಗೆ ಕಣ್ಣೇ ಇರ್ಲಿಲ್ಲ. ಡಾಕ್ಟ್ರು ಬೈದ್ರು, ಮೊದ್ಲು ನೀರು, ಆಮೇಲೆ ನಾನು ಅಂತ."

ಅಷ್ಟು ಹೊತ್ತಿಗೆ ಹಾಲಿನ ವ್ಯಾನು ಬಂತು. ಕ್ಯಾನುಗಳನ್ನು ಹೇರಿಕೊಂಡು, ಡ್ರೈವರಿನ ಪಕ್ಕದ ಸೀಟಿನಲ್ಲಿ ಒದ್ದೆ ಟವೆಲು ಹೊದ್ದ ನನ್ನನ್ನೂ ಹೇರಿಕೊಂಡು ಬೇಲೂರಿನ ಕಡೆ ಹೊರಟಿತು. ದಾರಿಯುದ್ದಕ್ಕೂ ನನ್ನ ಮಡಿಲಲ್ಲಿ ನೀರಿನ ಬಾಟಲಿ. ಕಣ್ಣಿಗೆ ಬಿಡುತ್ತಲೇ ಇರಬೇಕೆಂದು ದೊಡ್ಡವ್ವನ ಕಟ್ಟಪ್ಪಣೆ. ಹಳೇಬೀಡಿನ ಕೆರೆಯ ಪಕ್ಕ ಹೋಗುವಾಗ ಬಲಗಣ್ಣಿನಲ್ಲಿ ನೀರು ಕಂಡಿತು, ಎಡಗಣ್ಣಿನಲ್ಲಿ ಬರೀ ಮಂಜು. ಆಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಅಲ್ಲಿಯವರೆಗೆ ನೋವಿನ ಜೊತೆ ನಾಚಿಕೆ ಇತ್ತು. ಅಲ್ಲಿಂದ ಮುಂದೆ ಬರೀ ಹೆದರಿಕೆ. ಒಂದು ಕಣ್ಣಿನಲ್ಲಿ ಹೇಗೆ ಬೈಕು ಓಡಿಸುವುದು, ತೆಂಗಿನಕಾಯಿ ಸುಲಿಯುವುದು ಎಂದೆಲ್ಲ ಯೋಚಿಸಿ, ಡ್ರೈವರಿಗೆ ಕಾಣದ ಹಾಗೆ ಕಿಟಕಿಯ ಕಡೆ ತಿರುಗಿ ಅತ್ತೆ. ಬಾಟಲಿ ಕೈಯಲ್ಲಿದ್ದದ್ದರಿಂದ ಯಾವುದು ಯಾವ ನೀರು ಎಂದು ತಿಳಿಯುವಂತಿರಲಿಲ್ಲ.

ಬೇಲೂರಿನಲ್ಲಿ ಕಣ್ಣಿನ ಡಾಕ್ಟರಮ್ಮ ದೀಪ ಬಿಟ್ಟು ನೋಡಿ, ಬಣ್ಣ ಹಾಕಿ ನೋಡಿ, ಮತ್ತೆ ತೊಳೆಸಿ, ಕೊನೆಗೆ ಕುರ್ಚಿಯಲ್ಲಿ ಒರಗಿ ಕೂತರು.

"ಎಷ್ಟೊತ್ತು ತೊಳ್ಕೊಂಡ್ರಿ?"

"ಇಪ್ಪತ್ತು ನಿಮಿಷ ಮೇಡಂ. ನಾನಲ್ಲ, ನಮ್ಮೂರ ದೊಡ್ಡವ್ವ."

"ಮೇಲ್ಪದರ ಸ್ವಲ್ಪ ಸುಟ್ಟಿದೆ, ವಾಸಿಯಾಗುತ್ತೆ. ಕಣ್ಣು ಉಳಿದಿರೋದು ಅವರಿಂದ. ನೀವೇನು ಕೆಲಸ ಮಾಡೋದು?"

ಡೈರಿ ಸೆಕ್ರೆಟರಿ ಎಂದೆ. ಐಟಿಐ ವಿಷಯ ಹೇಳಲಿಲ್ಲ. ಬಾಯಿ ತುದಿಯವರೆಗೂ ಬಂದದ್ದನ್ನು ಹೇಳದೆ ಬಿಟ್ಟದ್ದು ಅದೇ ಮೊದಲು.

ಹತ್ತು ದಿನ ಕಣ್ಣಿಗೆ ಮರೆ ಕಟ್ಟಿಕೊಂಡು ಮನೆಯಲ್ಲಿ ಕೂತೆ. ಡೈರಿಯಲ್ಲಿ ಟೆಸ್ಟರ್ ಒಬ್ಬಳೇ ಹಳೆಯ ಕಾಲದ ಹಾಗೆ ಕೈಯಲ್ಲಿ ಅಳೆದು, ಕೈಯಲ್ಲಿ ಬರೆದು ನಿಭಾಯಿಸಿದಳು. ಆಮೇಲೆ ಡೈರೆಕ್ಟರುಗಳು ಕೆಟ್ಟ ಬ್ಯಾಟರಿಯನ್ನು ಅರಸೀಕೆರೆಗೆ ಒಯ್ದು ಕೊಟ್ಟು ಹೊಸದು ತರಬೇಕೆಂದು ತೀರ್ಮಾನಿಸಿದರು. "ನೀನ್ ಹೋಗು, ಆದ್ರೆ ಟೆಸ್ಟರ್‌ನೂ ಕರ್ಕಂಡ್ ಹೋಗು. ಕೇಳಿಸ್ಕಳೋರು ಒಬ್ರು ಇರ್ಲಿ" ಎಂದರು ಅಧ್ಯಕ್ಷರು. ಗೂಡ್ಸ್ ಆಟೋದಲ್ಲಿ ಬ್ಯಾಟರಿಯನ್ನು ಮಲಗಿಸದೆ ನೆಟ್ಟಗೆ ನಿಲ್ಲಿಸಿ, ಹಗ್ಗ ಬಿಗಿದು ಹೊರಟೆವು.

ಅರಸೀಕೆರೆಯ ರೈಲ್ವೆ ಸ್ಟೇಷನ್ ಹತ್ತಿರದ ಆ ಅಂಗಡಿಯ ಯಜಮಾನರು ಹಣೆ ತುಂಬ ವಿಭೂತಿ ಇಟ್ಟುಕೊಂಡ ಹಿರಿಯರು. ಟ್ರಾಕ್ಟರು, ಲಾರಿಗಳ ಬ್ಯಾಟರಿ ಚಾರ್ಜು ಮಾಡುತ್ತಲೇ ಅವರ ತಲೆ ನೆರೆತಿತ್ತು. ನಮ್ಮ ಬ್ಯಾಟರಿಯ ಹೊಟ್ಟೆ ಸವರಿ, ಒಡೆದ ಕಂಡಿಯನ್ನು ನೋಡಿ, ನಾನಿನ್ನೂ ಬಿಚ್ಚದ ಕಣ್ಣಿನ ಮರೆಯನ್ನೂ ನೋಡಿದರು. ಏನಾಯಿತೆಂದು ಕೇಳಲಿಲ್ಲ. "ಕಾರ್ಡು ಐತಾ?" ಎಂದರು.

ಟೆಸ್ಟರ್ ತನ್ನ ಚೀಲದಿಂದ ಕಾರ್ಡು ತೆಗೆದು ಕೊಟ್ಟಳು. ಅವಳು ಅದನ್ನು ತಂದದ್ದು ನನಗೆ ಗೊತ್ತಿರಲಿಲ್ಲ. ಅವರು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಓದಿದರು. ಪ್ರತಿ ತಿಂಗಳೂ ನೀರು ಸರಿ ಇದೆ, ನೀರು ಸರಿ ಇದೆ, ಒಂದೇ ಪೆನ್ನು, ಒಂದೇ ಕೈಬರಹ. ಕೊನೆಯ ಮನೆಗಳಿಗೆ ಬಂದಾಗ ಕನ್ನಡಕ ತೆಗೆದರು.

"ಸ್ವಾಮಿ, ಬರೋ ತಿಂಗಳ ನೀರನ್ನೂ ನೋಡ್ಬಿಟ್ಟಿದೀರಲ್ಲ?"

ಬಿಡುವಾಗಿದ್ದ ಒಂದು ದಿನ ವರ್ಷದ ಕೊನೆಯವರೆಗೂ ತುಂಬಿಸಿಟ್ಟಿದ್ದೆ. ಟೆಸ್ಟರ್ ರಸ್ತೆಯ ಕಡೆ ತಿರುಗಿಕೊಂಡಳು. ಅವಳ ಭುಜ ಅಲುಗುತ್ತಿತ್ತು. ನನಗೂ ತಡೆಯಲಾಗಲಿಲ್ಲ, ನಕ್ಕುಬಿಟ್ಟೆ. ನಕ್ಕರೆ ಕಣ್ಣು ನೋಯುತ್ತಿತ್ತು, ಆದರೂ ನಕ್ಕೆ. ಯಜಮಾನರು ನಗಲಿಲ್ಲ.

"ಕೂತ್ಕಳಿ ಇಬ್ರೂ" ಎಂದರು.

ಅಂಗಡಿಯ ಹಿಂದೆ ಚಾರ್ಜಿಗೆ ಇಟ್ಟ ಬ್ಯಾಟರಿಗಳ ಸಾಲಿತ್ತು. ಮೂರು ಕಡೆ ಕಿಟಕಿ, ಮೇಲೆ ಗಾಳಿ ಹೊರಗೆಳೆಯುವ ಫ್ಯಾನು. ಅವರು ರಬ್ಬರ್ ಗ್ಲೌಸು, ದಪ್ಪ ಕನ್ನಡಕ ಹಾಕಿಕೊಂಡರು. ಉಂಗುರ ತೆಗೆದು ಜೇಬಿಗೆ ಹಾಕಿದರು. ಮೊದಲು ಸ್ವಿಚ್ ಆರಿಸಿದರು. ಸ್ವಲ್ಪ ಹೊತ್ತು ಸುಮ್ಮನೆ ನಿಂತರು. "ಚಾರ್ಜ್ ಆಗೋವಾಗ ಇದರಿಂದ ಗ್ಯಾಸ್ ಬರ್ತೈತೆ. ಅದಕ್ಕೆ ಬಣ್ಣ ಇಲ್ಲ, ವಾಸ್ನೆ ಇಲ್ಲ. ಕೊಳೆತ ಮೊಟ್ಟೆ ವಾಸ್ನೆ ಬರೋದು ಕೆಟ್ಟ ಬ್ಯಾಟರಿಯಿಂದ, ಅದು ಬೇರೆ ಗ್ಯಾಸ್. ಒಂದ್ ಕಿಡಿ ಸಾಕು. ಅದು ಹೊರಗ್ ಹೋಗ್ಲಿ ಅಂತ ನಿಂತಿದೀನಿ." ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ ಎಂದು ಮಾಡಿ ತೋರಿಸಿದರು. ಪುಡಿ ಕಟ್ಟಿದ ಟರ್ಮಿನಲ್ಲಿಗೆ ಅಡುಗೆ ಸೋಡಾ ಕದಡಿದ ನೀರನ್ನು ಬ್ರಷ್ಷಿನಿಂದ ಹಚ್ಚಿ, ಅದು ನೊರೆಯಾಗಿ ಇಳಿದ ಮೇಲೆ ಒರೆಸಿ, ವ್ಯಾಸಲೀನ್ ಸವರಿದರು. ಅದು ನಡೆಯುತ್ತಿರುವಾಗ ಸೋಡಾ ಒಳಗೆ ಬೀಳದ ಹಾಗೆ ಮುಚ್ಚಳಗಳನ್ನು ಬಿಗಿಯಾಗಿ ಮುಚ್ಚಿದ್ದರು. ಅವತ್ತು ಕಣ್ಣಿಗೆ ಹಾಕಿ ಎಂದು ಕೂಗಿದ್ದ ಸೋಡಾದ ಜಾಗ ಯಾವುದೆಂದು ಆಗ ಗೊತ್ತಾಯಿತು.

"ನೀರು ಇಂಗಿ ಒಳಗಿನ ಪ್ಲೇಟು ಕಾಣ್ತಿದ್ರೆ ಏನ್ಮಾಡ್ಬೇಕು?" ಎಂದು ಟೆಸ್ಟರ್ ಕೇಳಿದಳು. ನೋಟ್‌ಬುಕ್ಕು ತಂದಿದ್ದಳು.

"ಆರಕ್ಕೆ ಬಿಡ್ಬೇಕು ತಾಯಿ. ಆಮೇಲೆ ಪ್ಲೇಟು ಮುಳುಗೋ ಅಷ್ಟು ಡಿಸ್ಟಿಲ್ಡ್ ವಾಟರ್ ಹಾಕಿ ಚಾರ್ಜ್ ಮಾಡ್ಬೇಕು. ಚಾರ್ಜ್ ಆದ್ರೆ ನೀರು ಏರ್ತೈತೆ. ಪೂರ್ತಿ ಚಾರ್ಜ್ ಆದ್ಮೇಲೆ ಗೆರೆ ತನಕ ಹಾಕೋದು. ಮೊದ್ಲೇ ತುಂಬಿದ್ರೆ ಉಕ್ಕುತ್ತೆ. ಕುಡಿಯೋ ನೀರಲ್ಲಿ ಉಪ್ಪು, ಸುಣ್ಣ ಇರ್ತೈತೆ, ನಮಗ್ ಒಳ್ಳೇದು, ಇದಕ್ಕೆ ವಿಷ. ಆಸಿಡ್ ಮಾತ್ರ ನೀವ್ ಯಾವತ್ತೂ ಹಾಕ್ಬೇಡಿ. ಕೊಳೆತ ಮೊಟ್ಟೆ ವಾಸ್ನೆ ಬಂದ್ರೆ, ಬಿಸಿಯಾಗಿ ಉಬ್ಬಿದ್ರೆ, ಮೇನ್ ಆರ್ಸಿ, ಬಾಗ್ಲು ಕಿಟಕಿ ತೆಗ್ದು, ಹೊರಗ್ ಬಂದು ಫೋನ್ ಮಾಡಿ. ಹತ್ರ ಹೋಗ್ಬೇಡಿ."

ಐಟಿಐಯಲ್ಲಿ ಇದನ್ನೆಲ್ಲ ನನಗೂ ಹೇಳಿಕೊಟ್ಟಿದ್ದರು. ಆ ಅಂಗಡಿಯಿಂದ ನಾಲ್ಕು ಬೀದಿ ಆಚೆಯೇ ಹೇಳಿಕೊಟ್ಟಿದ್ದರು. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಪೂರ್ತಿ ಅಂಕ ಬಂದಿತ್ತೆಂದು ನೆನಪು. ಹಳೆಯ ಬ್ಯಾಟರಿಯನ್ನು ಗುಜರಿಗೆ ಹಾಕದೆ ಅಂಗಡಿಗೇ ಹಿಂದಿರುಗಿಸಿ, ಹೊಸದನ್ನು ಆಟೋಗೆ ಏರಿಸಿದೆವು. ನಾನು ಒಂದು ಕಡೆ ಹಿಡಿಯಲು ಹೋದಾಗ ಯಜಮಾನರು, "ನೀವ್ ಬಿಡಿ ಸ್ವಾಮಿ" ಎಂದರು.

ಇನ್ನೊಂದು ಕೆಲಸ ಉಳಿದಿತ್ತು. ಆ ಸಂಜೆ ದೊಡ್ಡವ್ವನ ಮನೆಗೆ ಹೋದೆ. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ತಲೆ ಎತ್ತಲಿಲ್ಲ. ನಾನು ಬಾಗಿಲಲ್ಲೇ ನಿಂತು, ವಾಸನೆ ಬ್ಯಾಟರಿಯದು, ನಿನ್ನ ಹಾಲಿನದಲ್ಲ, ತಪ್ಪಾಯಿತು, ನಿನ್ನಿಂದ ಕಣ್ಣು ಉಳಿಯಿತು ಎಂದೆಲ್ಲ ಹೇಳಿದೆ. ಅವಳು ಕೊನೆಯ ಹನಿಯವರೆಗೂ ಹಿಂಡಿ, ಕರುವನ್ನು ಬಿಟ್ಟು, ಆಮೇಲೆ ನನ್ನ ಕಡೆ ನೋಡಿದಳು.

"ಮೂಗು ನಿಂದು ಸರಿಗೇ ಐತೆ ಕಣ್ಲಾ. ವಾಸ್ನೆ ಬಂದಿದ್ದು ನಿಜ. ಎಲ್ಲಿಂದ ಅಂತ ನೋಡ್ಲಿಲ್ಲ ನೀನು."

"ಹೌದು ದೊಡ್ಡವ್ವ."

"ನಂಗ್ ಅಂದಿದ್ದೆಲ್ಲಿ? ಸಾಲ್ನಾಗೆ. ಎಲ್ರೂ ನಕ್ರು. ಇಲ್ಲಿ ಬಂದು ಹೇಳಿದ್ರೆ ಈ ಹಸ ಮಾತ್ರ ಕೇಳ್ತೈತೆ."

ಮಾರನೆಯ ಬೆಳಿಗ್ಗೆ ಸಾಲು ಪೂರ್ತಿ ನಿಂತ ಮೇಲೆ ನಾನು ಕಟ್ಟೆಯ ಮೇಲೆ ಹತ್ತಿ ನಿಂತೆ. ಭಾಷಣ ಮಾಡುವುದೆಂದರೆ ನನಗೆ ಆಸೆ. ಅವತ್ತು ಮಾತ್ರ ಬೇಗ ಮುಗಿದರೆ ಸಾಕಿತ್ತು. ವಾಸನೆ ನನ್ನ ಬ್ಯಾಟರಿಯದಾಗಿತ್ತು, ದೊಡ್ಡವ್ವನ ಹಾಲು ಚೆನ್ನಾಗಿಯೇ ಇತ್ತು, ನಾನು ನೀರು ನೋಡದೆ ನೋಡಿದೆ ಎಂದು ಬರೆದೆ, ನನ್ನ ತಪ್ಪನ್ನು ಅವಳ ಪಾತ್ರೆಗೆ ಹಾಕಿದೆ ಎಂದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಸುಲಭವಾಗುತ್ತಿತ್ತು. ಹಿಂದೆ ನಿಂತಿದ್ದ ಒಬ್ಬ, "ಹಂಗಾದ್ರೆ ನಮ್ಮನೆ ಫ್ಯಾನ್ ಕತೆ ಏನ್ರೀ?" ಎಂದು ಕೇಳಿದ. ಆಗ ಎಲ್ಲರೂ ನಕ್ಕರು. ದೊಡ್ಡವ್ವ ಅವತ್ತು ನಮ್ಮ ಡೈರಿಗೇ ಹಾಲು ತಂದಿದ್ದಳು; ಸಾಲಿನಲ್ಲಿ ಮುಂದೆ ಬಂದು, ಪಾತ್ರೆ ನನ್ನ ಮೂಗಿನ ಹತ್ತಿರ ಹಿಡಿದು, "ನೋಡಪ್ಪ, ಮೂಸ್ನೋಡು" ಎಂದಳು. ಮೂಸಿದೆ. ಹಾಲಿನ ವಾಸನೆ. ಟೆಸ್ಟರ್ ಅದನ್ನು ಮಿಷನ್ನಿಗೆ ಇಟ್ಟಳು.

ಅವತ್ತಿನಿಂದ ಬ್ಯಾಟರಿ ಟೆಸ್ಟರಳ ಸುಪರ್ದಿಗೆ ಹೋಯಿತು. ಅದನ್ನು ಮುಂದಿನ ಕೋಣೆಯ ಕಿಟಕಿಯ ಕೆಳಗೆ ಮರದ ಪೀಠದ ಮೇಲೆ ಕೂರಿಸಿದ್ದಾಳೆ. ಸುತ್ತ ಬಿಳಿ ಗೆರೆ ಎಳೆದಿದ್ದಾಳೆ. ಆ ಗೆರೆಯೊಳಗೆ ಮೂಟೆ, ಚೀಟಿ, ಸೆಕ್ರೆಟರಿ ಯಾವುದೂ ಹೋಗುವಂತಿಲ್ಲ. ಈಗ ಸುತ್ತಲ ಊರುಗಳಲ್ಲಿ ಮನೆಮನೆಗೂ ಇನ್ವರ್ಟರು ಬಂದಿದೆ. ಭಾನುವಾರ ಅವಳನ್ನು ಕರೆಯುತ್ತಾರೆ, ನೀರು ನೋಡಿಕೊಡಲು. ಅವಳಿಗೆ ಬೈಕು ಓಡಿಸಲು ಬರುವುದಿಲ್ಲ, ಅವಳ ಗಂಡನಿಗೆ ಭಾನುವಾರ ಬಿಡುವಿಲ್ಲ. ಹಾಗಾಗಿ ಕೆಲವು ಸಲ ನಾನೇ ಕರೆದುಕೊಂಡು ಹೋಗುತ್ತೇನೆ.

ಮೊನ್ನೆ ಮಾದಿಹಳ್ಳಿಯಲ್ಲಿ ಒಂದು ಮನೆಗೆ ಹೋಗಿದ್ದೆವು. ಅವಳು ಗ್ಲೌಸು ಹಾಕಿಕೊಳ್ಳುತ್ತಿದ್ದಳು. ಡಿಸ್ಟಿಲ್ಡ್ ವಾಟರ್ ಕ್ಯಾನು ಹಿಡಿದು ಹಿಂದೆ ನಿಂತಿದ್ದ ನನ್ನನ್ನು ನೋಡಿ ಮನೆಯ ಯಜಮಾನ, "ಇವ್ರ್ಯಾರಮ್ಮ?" ಎಂದ.

"ನಮ್ ಸೆಕ್ರೆಟರಿ ಸಾರ್. ನೀರು ಹಿಡ್ಕಳಕ್ಕೆ ಬಂದವ್ರೆ" ಎಂದಳು ಅವಳು. ಆಮೇಲೆ ನನ್ನ ಕಡೆ ತಿರುಗಿ, "ಸಾರ್, ಕಿಟಕಿ" ಎಂದಳು.

ನಾನು ಕ್ಯಾನು ಕೆಳಗಿಟ್ಟು ಹೋಗಿ ಕಿಟಕಿ ತೆರೆದೆ.